ಕಡಲ ದಂಡೆಯಲ್ಲಿ ತಾಯಿಯ ಪಾಲು

ಸವಳಂಗದಿಂದ ಕಡಲು ತೀರ ದೂರವಲ್ಲ, ಹತ್ತಿರವೂ ಅಲ್ಲ. ಶಿವಮೊಗ್ಗ, ಸಾಗರ, ತಾಳಗುಪ್ಪ ದಾಟಿ ಗೇರುಸೊಪ್ಪೆಯ ಘಟ್ಟ ಇಳಿದರೆ ಹೊನ್ನಾವರ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಕಾಸರಕೋಡು, ಮುರುಡೇಶ್ವರ, ಭಟ್ಕಳ. ಫಜ್ರ್ ನಮಾಝ್ ಮುಗಿಸಿ ಹೊರಟ ಬಾಡಿಗೆಯ ವಾಹನವು ಹೊತ್ತು ನೆತ್ತಿಗೇರುವ ಮುನ್ನ ಅಲೆಗಳ ಎದುರು ನಿಲ್ಲುತ್ತದೆ. ಸವಳಂಗ, ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಯ ನಮ್ಮ ಕುಟುಂಬಗಳಿಗೆ ಈದ್‌ನ ಮರುದಿನವೋ ಶಾಲೆಯ ರಜೆಯಲ್ಲೋ ವರ್ಷಕ್ಕೊಮ್ಮೆ, ಕೆಲವರಿಗೆ ಹಲವು ವರ್ಷಗಳಿಗೊಮ್ಮೆ ಒದಗುವ ದಿನ ಅದು. ಮಕ್ಕಳು ಆ ದಿನವನ್ನು ತಿಂಗಳ ಮೊದಲೇ ಎಣಿಸಲು ತೊಡಗುತ್ತಾರೆ.

ಈ ಪ್ರಯಾಣದ ಬಗ್ಗೆ ನಮ್ಮ ಹಿರಿಯರ ನಡುವೆ ಎರಡು ಮಾತುಗಳಿವೆ. ಇದು ದುಂದುವೆಚ್ಚ, ಹೆಣ್ಣುಮಕ್ಕಳನ್ನು ಜನಸಂದಣಿಯ ನಡುವೆ ಕರೆದೊಯ್ಯುವುದು ಸಲ್ಲದು ಎಂಬುದು ಒಂದು. ಮನೋರಂಜನೆಗೆ ಹೋಗುವಾಗ ಧರ್ಮದ ಮಾತೇಕೆ, ಮರಳಿ ಬಂದ ಮೇಲೆ ಮಸೀದಿ ಇದ್ದೇ ಇದೆ ಎಂಬುದು ಇನ್ನೊಂದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ತೋರುವ ಈ ಎರಡೂ ಮಾತುಗಳು ಒಂದು ವಿಷಯದಲ್ಲಿ ಒಂದಾಗಿವೆ: ಕಡಲ ದಂಡೆಗೂ ದೀನ್‌ಗೂ ಸಂಬಂಧವಿಲ್ಲವೆಂದು ಎರಡೂ ಒಪ್ಪಿಕೊಂಡಿವೆ. ನಾವು ಒಪ್ಪುವುದಿಲ್ಲ. ಮಕ್ಕಳೊಂದಿಗೆ ಕಳೆಯುವ ಆ ಒಂದು ದಿನವು ದೀನ್‌ನ ಒಳಗಿನದೇ ಆಗಿದೆ. ಆದುದರಿಂದಲೇ ಅದರಲ್ಲಿ ಯಾರಿಗೆ ಎಷ್ಟು ಪಾಲು ಸಿಕ್ಕಿತು, ಯಾರ ಪಾಲು ತಪ್ಪಿತು ಎಂಬ ಲೆಕ್ಕವೂ ಇರಬೇಕು.

ಸಹೀಹ್ ಮುಸ್ಲಿಮ್‌ನಲ್ಲಿ ಹನ್‌ಝಲಾ(ರ) ಅವರ ಪ್ರಸಂಗವಿದೆ. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿರುವಾಗ ಸ್ವರ್ಗ ನರಕಗಳು ಕಣ್ಣೆದುರೇ ಇರುವಂತೆ ತೋರುತ್ತವೆ, ಮನೆಗೆ ಹೋಗಿ ಹೆಂಡತಿ ಮಕ್ಕಳೊಡನೆ ಬೆರೆತ ಕೂಡಲೇ ಬಹಳಷ್ಟು ಮರೆತುಹೋಗುತ್ತದೆ ಎಂದು ಅವರು ನೊಂದುಕೊಂಡಿದ್ದರು. ತಾನು ಕಪಟವಿಶ್ವಾಸಿಯಾಗಿಬಿಟ್ಟೆನೇ ಎಂಬುದು ಅವರ ಭಯ. ಅಬೂಬಕರ್(ರ) ಅವರು ಕೂಡ ತಮಗೂ ಹಾಗೆಯೇ ಆಗುತ್ತದೆಂದರು. ಪ್ರವಾದಿವರ್ಯರು(ಸ) ಅವರನ್ನು ಗದರಲಿಲ್ಲ. ಸದಾ ಆ ಸ್ಥಿತಿಯಲ್ಲೇ ಇರುವುದಾಗಿದ್ದರೆ ಮಲಕ್‌ಗಳು ಬಂದು ನಿಮ್ಮ ಕೈ ಕುಲುಕುತ್ತಿದ್ದರು, ಅದಕ್ಕೊಂದು ಹೊತ್ತು ಇದಕ್ಕೊಂದು ಹೊತ್ತು ಎಂಬ ಅರ್ಥದ ಮಾತನ್ನು ಹೇಳಿ ಸಮಾಧಾನಪಡಿಸಿದರು. ಮಡದಿ ಮಕ್ಕಳ ಹೊತ್ತು ಕದ್ದು ಕಳೆಯುವ ಹೊತ್ತಲ್ಲ, ಅದು ಅವರ ಹಕ್ಕಿನ ಹೊತ್ತು ಎಂಬುದು ನಾವು ಇದರಿಂದ ಅರಿತದ್ದು.

ಆ ಹೊತ್ತು ಎಷ್ಟಿರಬೇಕು? ಇದಕ್ಕೂ ಪ್ರವಾದಿ ಚರ್ಯೆಯಲ್ಲಿ ಉತ್ತರವಿದೆ, ಮತ್ತು ಆ ಉತ್ತರ ನಮ್ಮ ರೂಢಿಗೆ ತದ್ವಿರುದ್ಧವಾಗಿದೆ. ಈದ್‌ನ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಯಾಟ ಆಡುತ್ತಿದ್ದಾಗ ಆಯಿಶಾ(ರ) ಅವರು ಪ್ರವಾದಿವರ್ಯರ(ಸ) ಹೆಗಲ ಮರೆಯಲ್ಲಿ ನಿಂತು ನೋಡಿದರು. ತಮಗೆ ಸಾಕೆನಿಸುವ ತನಕ ಅವರು ನಿಂತೇ ಇದ್ದರೆಂದೂ, ಆಟದ ಆಸೆಯ ಹುಡುಗಿ ಎಷ್ಟು ಹೊತ್ತು ನೋಡಿರಬಹುದೆಂದು ನೀವೇ ಊಹಿಸಿಕೊಳ್ಳಿರೆಂದೂ ಆಯಿಶಾ(ರ) ಅವರೇ ಹೇಳಿದ್ದು ಬುಖಾರಿ ಮುಸ್ಲಿಮ್‌ಗಳಲ್ಲಿದೆ. ಇನ್ನೊಮ್ಮೆ ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದಾಗ ಪ್ರವಾದಿವರ್ಯರು(ಸ) ಸುಜೂದ್ ಅನ್ನೇ ನೀಳಗೊಳಿಸಿದರು. ಮಗುವಿನ ಆಸೆ ತೀರುವ ಮುನ್ನ ಅವಸರಪಡಿಸಲು ಮನಸ್ಸಾಗಲಿಲ್ಲವೆಂದರು. ಎರಡರಲ್ಲೂ ಸಾಕೆಂಬ ಮಾತು ಬರಬೇಕಾದದ್ದು ಆಡುವವರಿಂದ, ನೋಡುವವರಿಂದ, ಕಾಯುವ ಗಂಡಸಿನಿಂದಲ್ಲ. ನಮ್ಮಲ್ಲಿ ಕಡಲ ದಂಡೆಯ ಗಡಿಯಾರ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಒಮ್ಮೆ ದಂಡೆಯ ಮೇಲೆ ನಿಂತು ನಮ್ಮ ಕಡೆಯ ಕುಟುಂಬಗಳನ್ನು ಗಮನಿಸಿ ನೋಡಿರಿ. ಗಂಡಸರು ಪ್ಯಾಂಟು ಮಡಚಿ ನೀರಿಗಿಳಿದಿರುತ್ತಾರೆ. ಮಕ್ಕಳು ಅವರ ಹಿಂದೆ. ಚಾಪೆಯ ಮೇಲೆ, ಚೀಲಗಳು ಟಿಫಿನ್ ಡಬ್ಬಿಗಳು ಚಪ್ಪಲಿಗಳು ಮೊಬೈಲುಗಳ ನಡುವೆ ಒಬ್ಬಾಕೆ ಕುಳಿತಿರುತ್ತಾಳೆ. ಆಕೆಯ ತೊಡೆಯ ಮೇಲೆ ಕೂಸು ಮಲಗಿದೆ. ಆಕೆ ಹಿಂದಿನ ರಾತ್ರಿ ಮಸಾಲೆ ಅರೆದು, ತಹಜ್ಜುದ್‌ನ ಹೊತ್ತಿಗೆದ್ದು ಹದಿನೈದು ಜನರಿಗೆ ಬಿರಿಯಾನಿ ದಮ್ ಕಟ್ಟಿ, ಮಕ್ಕಳಿಗೆ ಎರಡೆರಡು ಜೊತೆ ಬಟ್ಟೆ ಇಟ್ಟು, ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿದ ಮಗುವನ್ನು ಒರೆಸಿ ಬಂದಿದ್ದಾಳೆ. ಕಡಲನ್ನು ಆಕೆ ನೋಡುತ್ತಾಳೆ ನಿಜ. ಎಲ್ಲರ ಸಾಮಾನು ಕಾಯುತ್ತಾ ನೋಡುತ್ತಾಳೆ. ಸಂಜೆ ಹೊರಡುವ ಮುನ್ನ ಐದು ನಿಮಿಷ ನೀರಿನ ಅಂಚಿಗೆ ಹೋಗಿ ಪಾದ ನೆನೆಸಿಕೊಂಡು ಬರುವುದೇ ಆಕೆಯ ಪಾಲಿನ ವಿಹಾರ.

ಇನ್ನೊಂದು ಸಂಗತಿಯನ್ನು ಗಂಡಸರು ಅರಿಯುವುದೇ ಇಲ್ಲ. ಆಕೆ ಬೆಳಗಿನಿಂದ ನೀರು ಕುಡಿದಿರುವುದಿಲ್ಲ. ದಾರಿಯಲ್ಲಿ, ದಂಡೆಯಲ್ಲಿ ಶುಚಿಯಾದ ಶೌಚಾಲಯ ಸಿಗುವುದೋ ಇಲ್ಲವೋ ಎಂಬ ಸಂಶಯಕ್ಕೆ ನಮ್ಮ ತಾಯಂದಿರು ಅಕ್ಕತಂಗಿಯರು ಬಾಯಾರಿಕೆಯನ್ನೇ ನುಂಗಿಕೊಂಡು ಕೂರುತ್ತಾರೆ. ಹಾಲುಣಿಸುವ ತಾಯಿಯೂ ಇದಕ್ಕೆ ಹೊರತಲ್ಲ. ಬಿಸಿಲಿನಲ್ಲಿ ದಿನವಿಡೀ ಹೀಗಿದ್ದು ರಾತ್ರಿ ತಲೆನೋವೆಂದು ಮಲಗಿದರೆ ಅದನ್ನು ಪ್ರಯಾಣದ ಆಯಾಸವೆನ್ನುತ್ತೇವೆ. ಸ್ಥಳ ಆರಿಸುವಾಗ ಮೊದಲು ವಿಚಾರಿಸಬೇಕಾದದ್ದು ಒಂಟೆ ಸವಾರಿ ಇದೆಯೇ ಎಂದಲ್ಲ, ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ ಇದೆಯೇ ಎಂದು. ಹೊನ್ನಾವರದ ಪಕ್ಕದ ಕಾಸರಕೋಡು ಮತ್ತು ಉಡುಪಿ ಕಡೆಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ದೊರಕಿತು. ನೀರಿನ ಶುದ್ಧಿ, ಶೌಚಾಲಯ, ಬಟ್ಟೆ ಬದಲಿಸುವ ವ್ಯವಸ್ಥೆ, ಜೀವರಕ್ಷಕರು ಇವೆಲ್ಲ ಆ ಮಾನ್ಯತೆಯ ಷರತ್ತುಗಳು. ಇಂತಹ ಕಡೆ ಪ್ರವೇಶಕ್ಕೆ ಒಂದಿಷ್ಟು ಹಣ ಕೊಡಬೇಕಾದರೆ ಅದನ್ನು ದುಂದುವೆಚ್ಚವೆನ್ನಲು ನಮಗೆ ಮನಸ್ಸಿಲ್ಲ.

ಅಡುಗೆಯ ಮಾತು. ಬಿರಿಯಾನಿ ಇಲ್ಲದೆ ವಿಹಾರವೇ ಇಲ್ಲವೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ ಅದನ್ನು ಸುನ್ನತ್ ಎಂದುಕೊಂಡವರೂ ಇದ್ದಾರೇನೋ! ಬೇಯಿಸಿದ ಮೊಟ್ಟೆ, ಬ್ರೆಡ್ಡು, ಬಾಳೆಹಣ್ಣು, ಖರ್ಜೂರ, ಒಂದು ಡಬ್ಬಿ ಚಿತ್ರಾನ್ನ, ಇಷ್ಟು ಕೊಂಡೊಯ್ದರೆ ಮಕ್ಕಳು ಉಪವಾಸ ಬೀಳುವುದಿಲ್ಲ. ಬಿರಿಯಾನಿ ಬೇಕೇ ಬೇಕೆಂದರೆ ಭಟ್ಕಳ ದೂರವಿಲ್ಲ. ಅಲ್ಲಿನ ನವಾಯತರ ಬಿರಿಯಾನಿಯ ರುಚಿಯನ್ನು ನಾವು ಬಣ್ಣಿಸಬೇಕಾಗಿಲ್ಲ. ಆ ದಿನದ ಮಟ್ಟಿಗಾದರೂ ಆಕೆಯ ಕೈಗೆ ಸೌಟು ಬಾರದಿರಲಿ. ಮನೆಯಲ್ಲಿರುವಾಗ ಪ್ರವಾದಿವರ್ಯರು(ಸ) ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಆಯಿಶಾ(ರ) ಅವರೇ ತಿಳಿಸಿದ್ದಾರೆ. ಚಾಪೆ ಕಾಯುವುದೂ ಮನೆಯವರ ಕೆಲಸವೇ. ಸರದಿಯಂತೆ ಅಬ್ಬಾ, ಚಿಕ್ಕಪ್ಪ, ಮಾಮು ಅಲ್ಲಿ ಕೂರಲಿ, ಕೂಸನ್ನೂ ಎತ್ತಿಕೊಳ್ಳಲಿ.

ಆಕೆ ನೀರಿಗಿಳಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಲಜ್ಜೆ ಈಮಾನ್‌ನ ಶಾಖೆ, ಅದನ್ನು ದಂಡೆಯಲ್ಲಿ ಕಳಚಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಜೊತೆಗಿದ್ದವರನ್ನು ಮುಂದೆ ಹೋಗಲು ಹೇಳಿ, ಜನ ದೂರವಾದ ಬಳಿಕ ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ಕಟ್ಟಿದ ಘಟನೆಯನ್ನು ನೆನೆಯಬೇಕು. ಜನರಿದ್ದಾರೆ, ಆದುದರಿಂದ ನೀನು ಓಡಬೇಡ ಎಂದು ಅವರು ಹೇಳಲಿಲ್ಲ. ಓಡಲು ಬರುವಂತೆ ಜನರನ್ನು ಮುಂದೆ ಕಳುಹಿಸಿದರು. ಮುರುಡೇಶ್ವರದಂತಹ ಹೆಸರಾದ ಸ್ಥಳದ ನಡುಮಧ್ಯದಲ್ಲಿ, ಭಾನುವಾರದ ಮಧ್ಯಾಹ್ನದಲ್ಲಿ ಇದು ಸಾಧ್ಯವಾಗದಿರಬಹುದು. ಬುಧವಾರದ ಬೆಳಗ್ಗೆ, ಸಂದಣಿ ಕಡಿಮೆಯಿರುವ ಆದರೆ ಕಾವಲಿರುವ ದಂಡೆಯಲ್ಲಿ ಸಾಧ್ಯ. ಒದ್ದೆಯಾದ ಬುರ್ಖಾ ಬಹಳ ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಅಲೆ ಹಿಂದೆ ಸರಿಯುವಾಗ ಅದು ಅಪಾಯವೇ ಸರಿ. ಮೈ ಮುಚ್ಚುವ, ನೀರು ಹೀರಿಕೊಳ್ಳದ ಹಗುರ ಬಟ್ಟೆಯ ಉಡುಪುಗಳು ಈಗ ಸಿಗುತ್ತವೆ. ಅದಿಲ್ಲದವರು ಮೊಣಕಾಲು ಮಟ್ಟಕ್ಕಿಂತ ಮುಂದೆ ಹೋಗದಿದ್ದರೆ ಸಾಕು. ಇನ್ನು ಆಕೆ ನೀರಿನಲ್ಲಿ ನಕ್ಕ ಕ್ಷಣವನ್ನು ಮೊಬೈಲಿನಲ್ಲಿ ಸೆರೆಹಿಡಿದು ನೂರಾರು ಜನರಿಗೆ ಸ್ಟೇಟಸ್ ಹಾಕುವ ಪತಿಯು ಅದೇ ದಿನ ಪರ್ದಾದ ಬಗ್ಗೆ ಉಪದೇಶಿಸುವುದು ಬೇಡ.

ಮಕ್ಕಳಿಗೆ ಕಡಲಿನಲ್ಲಿ ಏನು ತೋರಿಸಬೇಕು? ಕುರ್‌ಆನ್ ಕಡಲನ್ನು ಮತ್ತೆ ಮತ್ತೆ ಪ್ರಸ್ತಾಪಿಸುತ್ತದೆ: ಅದರಿಂದ ದೊರಕುವ ತಾಜಾ ಮಾಂಸ, ತೊಡುವ ಆಭರಣ, ಅಲೆ ಸೀಳುವ ಹಡಗು, ಸಿಹಿ ಮತ್ತು ಉಪ್ಪು ನೀರಿನ ನಡುವಣ ತಡೆ. ಈ ಕೊನೆಯದನ್ನು ಹೊನ್ನಾವರದಲ್ಲಿ ಶರಾವತಿಯ ಸೇತುವೆಯ ಮೇಲೆ ಕಣ್ಣಾರೆ ತೋರಿಸಬಹುದು. ಜೋಗದಲ್ಲಿ ಧುಮುಕಿದ ನದಿಯೇ ಇಲ್ಲಿ ಕಡಲನ್ನು ಸೇರುತ್ತದೆ. ನಮ್ಮ ಮಕ್ಕಳಿಗೆ ಇದು ಇನ್ನಷ್ಟು ಸೋಜಿಗದ ಸಂಗತಿ, ಏಕೆಂದರೆ ನಮ್ಮ ಕಡೆಯ ಮಳೆನೀರು ಇತ್ತ ಬರುವುದೇ ಇಲ್ಲ. ಅದು ಹೊನ್ನಾಳಿಯ ಮುಂದೆ ಹರಿಯುವ ತುಂಗಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಯನ್ನು ಸೇರಿ, ಇಡೀ ದಖ್ಖನ್ನನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೂರು ಕಿಲೋಮೀಟರಿನೊಳಗೆ ಕಡಲಿದ್ದರೂ ನಮ್ಮ ನೀರಿಗೆ ಬೇರೆಯೇ ದಾರಿಯನ್ನು ನಿಶ್ಚಯಿಸಲಾಗಿದೆ. ಸಾಗರದಿಂದ ಮುಂದೆ ವಾಹನದಲ್ಲಿ ಕುಳಿತ ಮಗುವಿಗೆ ಇಷ್ಟು ಹೇಳಿದರೆ ಅದು ಕೇಳುವ ಪ್ರಶ್ನೆಗಳು ಘಟ್ಟ ಇಳಿಯುವ ತನಕ ಸಾಕಾಗುತ್ತವೆ.

ಚಂದ್ರನ ವಿಷಯವೂ ಇದೆ. ಈದ್‌ನ ಚಂದ್ರನಿಗಾಗಿ ಛಾವಣಿ ಹತ್ತುವ ಮಗುವಿಗೆ ಅದೇ ಚಂದ್ರ ಕಡಲನ್ನು ಏರಿಸಿ ಇಳಿಸುತ್ತದೆಂದು ತಿಳಿಸಬಹುದು. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಶವ್ವಾಲ್‌ನ ಮೊದಲ ದಿನಗಳು ಯಾವಾಗಲೂ ಅಮಾವಾಸ್ಯೆಯ ಬೆನ್ನಿಗೇ ಬರುತ್ತವೆ. ಅಂದರೆ ಈದುಲ್ ಫಿತ್ರ್‌ನ ಮರುದಿನ ನಾವು ಹೋಗುವ ಕಡಲು ತಿಂಗಳಲ್ಲೇ ಅತಿ ಹೆಚ್ಚು ಏರಿಳಿಯುವ ಕಡಲು. ಬೆಳಗ್ಗೆ ಚಾಪೆ ಹಾಸಿದ ಒಣ ಮರಳಿಗೆ ಮಧ್ಯಾಹ್ನ ನೀರು ಬಂದರೆ ಅಚ್ಚರಿಪಡಬೇಕಿಲ್ಲ. (2024ರಲ್ಲಿ ಕರಾವಳಿಯವರು ಏಪ್ರಿಲ್ 10ರಂದು, ನಾವು 11ರಂದು ಈದ್ ಆಚರಿಸಿದೆವು, ಆ ಚರ್ಚೆ ಇಲ್ಲಿ ಬೇಡ. ಕಡಲಂತೂ ಯಾರ ಘೋಷಣೆಗೂ ಕಾಯಲಿಲ್ಲ.)

ಬಕ್ರೀದ್‌ನ ಲೆಕ್ಕ ಬೇರೆ, ಮತ್ತು ಹೆಚ್ಚು ಗಂಭೀರ. ನಮ್ಮ ಹಬ್ಬಗಳು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತವೆ. 2024ರಲ್ಲಿ ಬಕ್ರೀದ್ ಜೂನ್ 17ರಂದು, 2025ರಲ್ಲಿ ಜೂನ್ 7ರಂದು ಬಂತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಮೀನು ಮರಿಯಿಡುವ ಕಾಲವೆಂಬುದು ಒಂದು ಕಾರಣವಾದರೆ, ಮುಂಗಾರಿನ ಕಡಲು ಒರಟೆಂಬುದು ಎಲ್ಲ ಮೀನುಗಾರರಿಗೂ ಗೊತ್ತಿರುವ ಮಾತು. ಕಡಲಿನಲ್ಲೇ ಹುಟ್ಟಿ ಬೆಳೆದವರು ದೋಣಿಗಳನ್ನು ದಡಕ್ಕೆ ಕಟ್ಟಿ ಕುಳಿತಿರುವ ತಿಂಗಳಲ್ಲಿ, ಹಬ್ಬದ ರಜೆಯಿದೆಯೆಂಬ ಒಂದೇ ಕಾರಣಕ್ಕೆ ಒಳನಾಡಿನಿಂದ ಎಳೆಯ ಮಕ್ಕಳನ್ನು ಕರೆದೊಯ್ದು ಅಲೆಗೆ ಒಡ್ಡುವುದು ಬುದ್ಧಿವಂತಿಕೆಯಲ್ಲ. ಆ ದಿನಗಳಿಗೆ ಜೋಗವಿದೆ, ಸೂಳೆಕೆರೆಯ ಏರಿಯಿದೆ, ನಮ್ಮೂರ ಕೆರೆಯ ಸಂಜೆಯಿದೆ. ಕಡಲಿಗೆ ಡಿಸೆಂಬರ್‌ನಿಂದ ಮಾರ್ಚ್ ತನಕದ ದಿನಗಳು ಮೇಲು.

ಆದರೆ ಶಾಂತವಾದ ತಿಂಗಳೂ ಕಡಲು ಕಡಲೇ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮುಂಗಾರು ಕಳೆದು ತಿಂಗಳುಗಳಾಗಿದ್ದವು. ಕೋಲಾರವೂ ನಮ್ಮಂತೆಯೇ ಕಡಲು ಕಾಣದ ಸೀಮೆ. ಆ ಸುದ್ದಿ ಓದಿದ ದಿನ ನಮ್ಮ ಎಷ್ಟೋ ಮನೆಗಳಲ್ಲಿ ಪ್ರವಾಸದ ಚೀಟಿಗೆ ಸಹಿ ಹಾಕಲು ತಂದೆ ತಾಯಿಯರ ಕೈ ತಡೆದಿರಬೇಕು. ಹೋಗದಿರುವುದೇ ಉಪಾಯವೆಂದು ಕೆಲವರು ತೀರ್ಮಾನಿಸಿದರು. ಕಡಲು ಹೇಗೆ ಕೊಲ್ಲುತ್ತದೆಂದು ತಿಳಿಯುವುದೇ ಲೇಸೆಂಬುದು ನಮ್ಮ ಅಭಿಪ್ರಾಯ.

ಅಲೆಗಳು ದಡಕ್ಕೆ ತಳ್ಳಿದ ನೀರು ಎಲ್ಲಿಂದಲಾದರೂ ಮರಳಿ ಹೋಗಲೇಬೇಕು. ಅದು ಕೆಲವೊಮ್ಮೆ ಕಿರಿದಾದ ಒಂದು ಕಾಲುವೆಯಾಗಿ ಕೂಡಿಕೊಂಡು ಬಿರುಸಿನಿಂದ ಒಳಕ್ಕೆ ಹರಿಯುತ್ತದೆ. ರಿಪ್ ಕರೆಂಟ್ ಎಂದು ಜೀವರಕ್ಷಕರು ಕರೆಯುವುದು ಇದನ್ನೇ. ಮೋಸವಿರುವುದು ಇದರ ರೂಪದಲ್ಲಿ. ಎರಡೂ ಬದಿಯಲ್ಲಿ ಅಲೆಗಳು ನೊರೆಯಾಗಿ ಒಡೆಯುತ್ತಿರುವಾಗ ನಡುವೆ ಅಲೆಯಿಲ್ಲದ, ತುಸು ಕಪ್ಪಾಗಿ ಕಾಣುವ ಜಾಗವಿರುತ್ತದೆ. ಈಜು ಬಾರದ ಒಳನಾಡಿನವರು ಇಲ್ಲಿ ಅಲೆ ಕಡಿಮೆಯೆಂದು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಾರೆ. ಅದರ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಎದುರೀಜಲು ಹೆಣಗಿ ದಣಿದು ಮುಳುಗುತ್ತಾರೆ. ಮಾಡಬೇಕಾದದ್ದು, ತೇಲುತ್ತಾ ಕೈಯೆತ್ತಿ ಸಹಾಯ ಕೋರುವುದು. ಈಜು ಬಲ್ಲವರಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹರಿವಿನಿಂದ ಹೊರಬಂದು ಆ ಬಳಿಕ ದಡಕ್ಕೆ ತಿರುಗುವುದು. ಮುಳುಗುವವರನ್ನು ಉಳಿಸಲು ಈಜು ಬಾರದ ಅಣ್ಣ, ಅಣ್ಣನನ್ನು ಉಳಿಸಲು ತಂದೆ, ಹೀಗೆ ಒಬ್ಬರ ಹಿಂದೊಬ್ಬರು ಹಾರಿ ಒಂದೇ ಮನೆಯ ಹಲವರು ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ನೀರಿಗೆ ಹಾರುವ ಬದಲು ತೇಲುವ ವಸ್ತುವೊಂದನ್ನು, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನನ್ನಾದರೂ ಎಸೆಯಬೇಕು.

ಎಳೆಯ ಮಕ್ಕಳ ವಿಷಯದಲ್ಲಿ ಇದಕ್ಕಿಂತಲೂ ಸಣ್ಣ ನೀರು ಸಾಕು. ಮುಳುಗುವ ಮಗು ಕೂಗುವುದಿಲ್ಲ. ಉಸಿರಿಗೇ ಬಿಡುವಿಲ್ಲದಾಗ ಕೂಗಲು ಉಸಿರು ಎಲ್ಲಿಯದು? ಅದು ಸದ್ದಿಲ್ಲದೆ, ಒಂದು ಫೋನ್ ಕರೆ ಮುಗಿಯುವುದರೊಳಗೆ ಮುಳುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು; ಅವರಲ್ಲಿ ಸುಮಾರು ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ಹದಿನೈದು ಜನ ದೊಡ್ಡವರಿದ್ದ ಗುಂಪಿನಲ್ಲಿ ಮಗು ಕಾಣೆಯಾಗುವುದು ಹೇಗೆ? ಹದಿನೈದು ಜನರಿದ್ದದ್ದರಿಂದಲೇ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ತಿಳಿದಿರುತ್ತಾರೆ. ತಾಯಿ ಚಾಪೆಯ ಮೇಲಿಂದ ನೋಡುತ್ತಾಳೆಂದು ತಂದೆ, ತಂದೆ ನೀರಿನಲ್ಲೇ ಇದ್ದಾನೆಂದು ತಾಯಿ. ಅನಾಹುತವಾದರೆ ಜನ ಬೊಟ್ಟು ಮಾಡುವುದು ಮಾತ್ರ ಚಾಪೆಯ ಮೇಲಿದ್ದವಳ ಕಡೆಗೆ.

ನಿಮ್ಮಲ್ಲಿ ಪ್ರತಿಯೊಬ್ಬರೂ ಮೇಲ್ವಿಚಾರಕರು, ಪ್ರತಿಯೊಬ್ಬರನ್ನೂ ತಮ್ಮ ಅಧೀನದಲ್ಲಿರುವವರ ಬಗ್ಗೆ ವಿಚಾರಿಸಲಾಗುವುದು ಎಂಬ ಅರ್ಥದ ಹದೀಸ್ ನಮಗೆಲ್ಲ ಬಾಯಿಪಾಠ. ದಂಡೆಯ ಮೇಲೆ ಅದನ್ನು ಹೀಗೆ ನಡೆಸಬಹುದು: ಅರ್ಧ ಗಂಟೆಗೆ ಒಬ್ಬರಂತೆ ಹೆಸರು ಹೇಳಿ ಕಾವಲು ಒಪ್ಪಿಸುವುದು. ಆ ಅರ್ಧ ಗಂಟೆ ಆತನ ಕೈಯಲ್ಲಿ ಮೊಬೈಲ್ ಇರಕೂಡದು, ಆತ ಹರಟೆಗೆ ಕೂರಕೂಡದು. ಮುಂದಿನವರ ಹೆಸರು ಹಿಡಿದು ಕರೆದು ಒಪ್ಪಿಸಿದ ಮೇಲೆಯೇ ಆತನಿಗೆ ಬಿಡುಗಡೆ. ಅಮಾನತ್ತನ್ನು ಒಪ್ಪಿಸುವುದೆಂದರೆ ಇದೇ. ಐದು ವರ್ಷದೊಳಗಿನ ಮಗುವಂತೂ ದೊಡ್ಡವರೊಬ್ಬರ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇರಬೇಕು. ಗಾಳಿ ತುಂಬಿದ ಬಣ್ಣದ ಟ್ಯೂಬುಗಳನ್ನು ನಂಬಬಾರದು. ಅವು ಮಗುವನ್ನು ತೇಲಿಸಿಕೊಂಡೇ ಒಳಗೆ ಒಯ್ಯುತ್ತವೆ.

ಇಲ್ಲಿ ವಿಧಿಯ ಮಾತನ್ನು ಎತ್ತುವವರಿಗೆ ಒಂದು ವಿಷಯ ಹೇಳಬೇಕಾಗಿದೆ. ನೀರಿನಲ್ಲಿ ಮುಳುಗಿ ಸತ್ತವರಿಗೆ ಶಹೀದ್‌ನ ಪದವಿಯಿದೆಯೆಂದು ಹದೀಸ್‌ನಲ್ಲಿ ಬಂದಿರುವುದು ಸತ್ಯ. ಅದು ಮಗುವನ್ನು ಕಳೆದುಕೊಂಡ ತಾಯಿಯ ಕಣ್ಣೀರಿಗೆ ಅಲ್ಲಾಹನು ಕರುಣಿಸಿದ ಸಾಂತ್ವನ. ಅಜಾಗರೂಕನಿಗೆ ಕೊಟ್ಟ ರಹದಾರಿಯಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡೆಂದು ಕಲಿಸಿದ ಪ್ರವಾದಿಯ(ಸ) ಸಮುದಾಯ ನಮ್ಮದು.

ಒಂಟೆ ಕಟ್ಟುವ ಕೆಲಸದಲ್ಲಿ ಮೊದಲನೆಯದು ಈಜು. ಅಲ್ಲಾಹನ ಸ್ಮರಣೆಯಲ್ಲದ್ದೆಲ್ಲ ವ್ಯರ್ಥ ಆಟ, ನಾಲ್ಕರ ಹೊರತು ಎಂಬ ಅರ್ಥದ ಹದೀಸನ್ನು ಇಮಾಮ್ ನಸಾಈ ವರದಿ ಮಾಡಿದ್ದಾರೆ; ಆ ನಾಲ್ಕರಲ್ಲಿ ಪತ್ನಿಯೊಂದಿಗಿನ ಸರಸವೂ ಒಂದು, ಈಜು ಕಲಿಯುವುದೂ ಒಂದು. ಮಕ್ಕಳಿಗೆ ಈಜು ಕಲಿಸಿರೆಂಬ ಮಾತು ಉಮರ್(ರ) ಅವರದೆಂದು ಪ್ರಸಿದ್ಧವಾಗಿದೆ. ಕೆರೆ, ಬಾವಿ, ತುಂಗಭದ್ರೆ, ಭದ್ರಾ ನಾಲೆಗಳ ನಡುವೆ ಬಾಳುವ ನಮ್ಮ ಸೀಮೆಯಲ್ಲಿ ಗಂಡುಹುಡುಗರು ಹೇಗೋ ತಾವೇ ಕದ್ದುಮುಚ್ಚಿ ಈಜು ಕಲಿಯುತ್ತಾರೆ, ಕಲಿಯುವಾಗಲೇ ಕೆಲವರು ಹೋಗುತ್ತಾರೆ. ಹೆಣ್ಣುಮಕ್ಕಳು ಕಲಿಯುವುದೇ ಇಲ್ಲ. ಏಳೆಂಟು ವರ್ಷದ ಮಗಳಿಗೆ ತಂದೆಯೇ ಸೊಂಟಕ್ಕೆ ಹಗ್ಗ ಕಟ್ಟಿ ತೋಟದ ಬಾವಿಯಲ್ಲೋ ಹೊಂಡದಲ್ಲೋ ಕಲಿಸಲು ಯಾವ ಅಡ್ಡಿಯಿದೆ? ಶಿವಮೊಗ್ಗ, ದಾವಣಗೆರೆಯಂತಹ ಪಟ್ಟಣಗಳ ಈಜುಕೊಳಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಹೊತ್ತು ಬೇಕೆಂದು ನಮ್ಮ ಜಮಾಅತ್‌ಗಳು ಒಟ್ಟಾಗಿ ಕೇಳಿದರೆ ಅದು ನಮ್ಮ ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಎಲ್ಲ ಸಮುದಾಯದ ಹೆಣ್ಣುಮಕ್ಕಳಿಗೂ ಉಪಕಾರ.

ನಮಾಝ್‌ನ ವಿಷಯದಲ್ಲಿ ಕಡಲ ದಿನ ನಮಗೆ ಕಷ್ಟವನ್ನಲ್ಲ, ರಿಯಾಯಿತಿಯನ್ನೇ ಹೊತ್ತು ತರುತ್ತದೆ. ಪ್ರಯಾಣದ ದೂರವನ್ನು 77 ಕಿಲೋಮೀಟರ್ ಎನ್ನುವವರಿಗೂ 92 ಎನ್ನುವವರಿಗೂ ಸವಳಂಗದಿಂದ ಹೊನ್ನಾವರ ಆ ಗೆರೆಯಾಚೆಯೇ ಇದೆ. ಝುಹ್ರ್, ಅಸರ್, ಇಶಾಗಳು ಎರಡೆರಡು ರಕಅತ್ ಆಗುತ್ತವೆ. ಊರಿನ ಇಮಾಮರ ಹಿಂದೆ ನಿಂತರೆ ಮಾತ್ರ ಪೂರ್ಣ ನಾಲ್ಕು. ಉಪ್ಪು ನೀರಿನಲ್ಲಿ ವುಝೂ ಆಗುವುದೇ ಎಂದು ಮಕ್ಕಳು ಕೇಳುತ್ತಾರೆ. ಕಡಲಯಾನ ಮಾಡುವವರೊಬ್ಬರು ಪ್ರವಾದಿವರ್ಯರಲ್ಲಿ(ಸ) ಇದೇ ಪ್ರಶ್ನೆ ಕೇಳಿದ್ದರು, ಕಡಲಿನ ನೀರು ಶುದ್ಧವೆಂಬ ಉತ್ತರ ಸಿಕ್ಕಿತ್ತು. ಭಟ್ಕಳ ಕಡೆಯ ಮಸೀದಿಗಳಲ್ಲಿ ಅಸರ್‌ನ ಅಝಾನ್ ನಮ್ಮೂರಿಗಿಂತ ಬೇಗ ಕೇಳಿಸಿ ನಮ್ಮವರು ಗಲಿಬಿಲಿಗೊಳ್ಳುವುದುಂಟು. ಅಲ್ಲಿನವರು ಶಾಫಿಈಗಳು, ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಅವರಿಗೆ ಅಸರ್ ಆರಂಭ. ನಮ್ಮ ಹನಫಿಗಳಲ್ಲಿ ನೆರಳು ಎರಡರಷ್ಟಾಗಬೇಕು. ಮರಳಿನಲ್ಲಿ ಕೋಲು ನೆಟ್ಟು ಇದನ್ನು ಮಕ್ಕಳಿಗೆ ಅಳೆದು ತೋರಿಸುವುದಕ್ಕಿಂತ ಒಳ್ಳೆಯ ಫಿಕ್ಹ್ ಪಾಠ ನಮಗೆ ಹೊಳೆಯುತ್ತಿಲ್ಲ. ಹೆಂಗಸರ ನಮಾಝ್‌ಗೂ ಒಂದು ಚಾಪೆ, ಗಾಳಿಗೆ ಅಡ್ಡ ಹಿಡಿಯಲು ಒಂದು ಬೆಡ್‌ಶೀಟು ಇರಲಿ. ಅವರ ಝುಹ್ರ್ ಮನೆಗೆ ಮರಳಿದ ಮೇಲೆ ಖಝಾ ಆಗುವುದು ನಮ್ಮ ಪ್ರವಾಸಗಳಲ್ಲಿ ತೀರ ಸಾಮಾನ್ಯವಾಗಿಬಿಟ್ಟಿದೆ. ಸೂರ್ಯ ಮುಳುಗುವ ಮುನ್ನ ಮಕ್ಕಳನ್ನು ನೀರಿನಿಂದ ಹೊರತರಬೇಕು. ಕತ್ತಲಾಗುವಾಗ ಮಕ್ಕಳನ್ನು ಒಳಗೆ ಸೇರಿಸಿಕೊಳ್ಳಲು ಹದೀಸ್‌ನಲ್ಲಿ ಆದೇಶವಿದೆ, ಜೀವರಕ್ಷಕರ ಸೀಟಿಯೂ ಅದನ್ನೇ ಹೇಳುತ್ತದೆ.

ಎದ್ದು ಬರುವಾಗ ಎಲೆ, ಬಾಟಲಿ, ಡಯಾಪರ್ ಏನನ್ನೂ ಮರಳಿನಲ್ಲಿ ಬಿಡಬಾರದು. ಅದು ಅಲ್ಲಿನ ಮೀನುಗಾರರ ಅಂಗಳ.

ಕೊನೆಗೆ, ಈ ಪ್ರಯಾಣದ ಪಟ್ಟಿಯಲ್ಲಿ ಹೆಸರೇ ಇರದ ದಾದಿ, ನಾನಿಯರ ಮಾತು. ಮೊಣಕಾಲು ನೋವು, ಘಟ್ಟದ ದಾರಿ, ಸೀಟು ಸಾಲದು ಎಂದು ಅವರನ್ನು ಮನೆ ಕಾಯಲು ಬಿಟ್ಟು ಹೋಗುತ್ತೇವೆ. ಅವರೂ ನನಗೇಕೆ ಕಡಲು, ಮಕ್ಕಳು ನೋಡಲಿ ಎಂದುಬಿಡುತ್ತಾರೆ. ಅವರಲ್ಲಿ ಕೆಲವರು ಉಮ್ರಾ ಮಾಡಿ ಬಂದವರು. ಇಡೀ ಅರಬ್ಬಿ ಸಮುದ್ರದ ಮೇಲೆ ಹಾರಿ ಹೋಗಿ ಹಾರಿ ಬಂದಿದ್ದಾರೆ, ಅದರ ನೀರು ಮಾತ್ರ ಒಮ್ಮೆಯೂ ಅವರ ಪಾದಕ್ಕೆ ತಾಗಿಲ್ಲ. ಒಣ ಮರಳಿನಲ್ಲಿ ಅವರಿಗೆ ನಡೆಯಲಾಗದು ನಿಜ, ಕಾಲು ಹೂತುಕೊಳ್ಳುತ್ತದೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಮೊಮ್ಮಕ್ಕಳಿಬ್ಬರು ಎರಡು ಕಡೆ ತೋಳು ಹಿಡಿದರೆ ಅಲ್ಲಿ ನಡೆಯಬಹುದು. ಮುಂದಿನ ಬಾರಿ ವಾಹನಕ್ಕೆ ತಲೆ ಎಣಿಸುವಾಗ ಅವರಿಂದಲೇ ಎಣಿಕೆ ಆರಂಭವಾಗಲಿ. ಚಾಲಕನ ಪಕ್ಕದ ಸೀಟು ಅವರಿಗೆ, ಗಾಡಿಯ ಮೇಲೆ ಕಟ್ಟಿಕೊಳ್ಳಲು ಕೈಯಿರುವ ಒಂದು ಪ್ಲಾಸ್ಟಿಕ್ ಕುರ್ಚಿ.